ಕೆರೆಮಣ್ಣಿನ ಕರು

ಕಲ್ಮೇಶನಿಗೆ ಮಳೆ ಎಂದರೆ ಪ್ರಾಣ ಎಂದು ರಕ್ಷಾ ಮದುವೆಯಾದ ಹೊಸತರಲ್ಲಿ ತಿಳಿದಿದ್ದಳು. ಮೋಡ ಕವಿದರೆ ಸಾಕು, ಊಟದ ತಟ್ಟೆ ಬಿಟ್ಟು ಎದ್ದು ಬಾಲ್ಕನಿಗೆ ಹೋಗಿ ನಿಲ್ಲುವ ಗಂಡನ ವಿಷಯ ತವರಿನಲ್ಲಿ ಹೇಳಿಕೊಂಡು ನಕ್ಕಿದ್ದಳು. ಕವಿ ಸಿಕ್ಕಿದಾನೆ ಕಣೇ ನಿಂಗೆ ಎಂದು ಗೆಳತಿಯರು ಛೇಡಿಸಿದ್ದರು. ಅವನು ತಿದ್ದಲು ಹೋಗಿರಲಿಲ್ಲ. ಇವತ್ತು ಬೆಳಗ್ಗೆಯೂ ಚಂದ್ರಾ ಲೇಔಟಿನ ಮನೆಯ ಬಾಲ್ಕನಿಯಲ್ಲಿ ನಿಂತು ಮಾಗಡಿ ರಸ್ತೆಯ ಕಡೆಯ ಆಕಾಶ ನೋಡುತ್ತಿದ್ದ. ಮೋಡ ಇತ್ತು, ಮಳೆ ಇರಲಿಲ್ಲ. ಆ ಕಡೆ ಒಂದು ಓಣಿಯಲ್ಲಿ ಅವನ ಪ್ಲೇಟಿಂಗ್ ಶಾಪ್ ಇತ್ತು. ಬೈಕಿನ ಸೈಲೆನ್ಸರು, ಬಚ್ಚಲ ನಲ್ಲಿ, ಬಾಗಿಲ ಹಿಡಿಕೆಗಳಿಗೆ ಕ್ರೋಮಿನ ಹೊಳಪು ಕೊಟ್ಟು ಕೊಟ್ಟು ಸತ್ವ ಕಳೆದುಕೊಂಡ ಹಳದಿ ನೀರು ಹಿಂದಿನ ತೊಟ್ಟಿಗಳಲ್ಲಿ ಅಂಚಿನವರೆಗೆ ನಿಂತಿತ್ತು. ಅದನ್ನು ಟ್ಯಾಂಕರಿನವರಿಗೆ ಕೊಟ್ಟು ಶುದ್ಧಿ ಮಾಡಿಸಬೇಕು ಎಂಬುದು ಕಾಯಿದೆ. ಜೋರು ಮಳೆ ಬಂದಾಗ ವಾಲ್ವ್ ತಿರುಗಿಸಿ ಮೋರಿಗೆ ಬಿಡುವುದು ಓಣಿಯ ರೂಢಿ. ಮಳೆಯ ಕೆಸರಿನಲ್ಲಿ ಹಳದಿ ಯಾವುದು, ನಿಕಲ್‌ನ ಹಸಿರು ಯಾವುದು, ಯಾರ ಶಾಪಿನದು ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಮೋರಿ ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ಹೇರೋಹಳ್ಳಿಯ ಆಚೆಗಿನ ಸಿದ್ದನಕೆರೆ ಸೇರುತ್ತದೆ. ಸಿದ್ದನಕೆರೆ ದೊಡ್ಡದು, ಆಚೆ ದಡದ ಮನೆಗಳು ಬೆಂಕಿಪೊಟ್ಟಣದಷ್ಟೇ ಕಾಣುತ್ತವೆ. ಅಷ್ಟು ದೊಡ್ಡ ಕೆರೆಗೆ ತನ್ನ ಎರಡು ತೊಟ್ಟಿ ಯಾವ ಲೆಕ್ಕ ಎಂದು ಕಲ್ಮೇಶ ಅಂದುಕೊಂಡಿದ್ದ.

ಶಾಪಿನಿಂದ ಫಕೀರೇಶ ಬೆಳಗ್ಗೆಯೇ ಫೋನ್ ಮಾಡಿದ್ದ. "ತೊಟ್ಟಿ ತುಂಬ್ಯಾವ್ರಿ ಮಾಲಕ್ರ, ಹೊಸಾ ಮಾಲ್ ಹಾಕಾಕ ಜಾಗಾ ಇಲ್ಲ."

"ಮಳಿ ಬರ್ಲಿ ತಡಿ. ಬಂದ ಕೂಡ್ಲೇ ಫೋನ್ ಮಾಡು. ನಾ ಹ್ಞೂಂ ಅನ್ನೂತನ ವಾಲ್ವ್ ಮುಟ್ಟಬ್ಯಾಡ."

ಈ ಒಂದು ಶಿಸ್ತಿನ ಬಗ್ಗೆ ಕಲ್ಮೇಶನಿಗೆ ಒಳಗೊಳಗೇ ಹೆಮ್ಮೆ. ಬೇರೆ ಶಾಪುಗಳಲ್ಲಿ ಆಳುಗಳೇ ಮನಸ್ಸಿಗೆ ಬಂದಂತೆ ಬಿಟ್ಟುಬಿಡುತ್ತಾರೆ. ಇವನದು ಹಾಗಲ್ಲ, ಪ್ರತಿ ಸಲವೂ ತಾನೇ ಹೇಳಬೇಕು. ಫಕೀರೇಶ ಅವನ ಊರಿನವನೇ, ರೋಣದ ಕಡೆಯವನು. ಕ್ರೋಮಿನ ತೊಟ್ಟಿಯ ಹಬೆ ಕುಡಿದು ಕುಡಿದು ಅವನ ಮೂಗಿನ ನಡುಗೋಡೆಗೆ ತೂತು ಬಿದ್ದಿತ್ತು. ಯಾವ ವಾಸನಿನೂ ಬರಂಗಿಲ್ರಿ, ಆರಾಮ ಐತಿ, ಎಂದು ಅವನು ನಕ್ಕಾಗ ಕಲ್ಮೇಶನೂ ಜೊತೆಗೆ ನಕ್ಕಿದ್ದ. ಆಮೇಲೆ ಮನೆಗೆ ಬಂದು ಬಚ್ಚಲಿನ ಕನ್ನಡಿಯ ಮುಂದೆ ತನ್ನ ಮೂಗನ್ನು ಎತ್ತಿ ಎತ್ತಿ ನೋಡಿಕೊಂಡಿದ್ದ. ತನ್ನದು ಸರಿಯಾಗಿತ್ತು. ಆಗ ಆದ ಸಂತೋಷವನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

"ಏ ಕಲ್ಮೇಶಾ, ಅಮವಾಸಿ ಮುಂಜಾನಿ ಮುಗಲ ನೋಡ್ಕೋತ ನಿಂತಿಯಲ್ಲೋ, ಒಳಗ ಬಾ. ಎತ್ತಿನ ಪೂಜಿ ಮಾಡೂದೈತಿ," ಎಂದು ಅವ್ವ ಕೂಗಿದಳು. ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ಮುಂಗಾರು ಕಾಲಿಟ್ಟ ಮೇಲೆ ಬರುವ ಈ ಅಮಾವಾಸ್ಯೆಗೆ ಊರ ಕಡೆ ಪ್ರತಿ ಮನೆಯಲ್ಲೂ ಕೆರೆಯ ಮಣ್ಣು ತಂದು ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವಿನ ಗ್ವಾದಲಿ ಕಟ್ಟಿ, ಹೋಳಿಗೆಯ ಎಡೆ ಇಡುತ್ತಾರೆ. ಅಪ್ಪ ಹೋದ ಮೇಲೆ ಇಲ್ಲಿಗೆ ಬಂದು ಸೇರಿಕೊಂಡ ಅವ್ವ ಬಸವರಾಜೇಶ್ವರಿಗೆ ಬೆಂಗಳೂರಿನ ಬೇರೆ ಯಾವುದೂ ಹಿಡಿಸದಿದ್ದರೂ ಚಿಂತೆಯಿರಲಿಲ್ಲ, ಇದೊಂದು ಆಗಲೇಬೇಕಿತ್ತು. ಮಣ್ಣು ನಾನೇ ತರ್ತೀನವ್ವಾ ಎಂದು ಕಲ್ಮೇಶ ಒಪ್ಪಿಕೊಂಡಿದ್ದ, ಮರೆತಿದ್ದ, ಮತ್ತೆ ಒಪ್ಪಿಕೊಂಡು ಮತ್ತೆ ಮರೆತಿದ್ದ. ವಿಜಯನಗರದ ಮಾರ್ಕೆಟ್ಟಿನಲ್ಲಿ ಬಣ್ಣ ಬಳಿದ ಎತ್ತು ಸಿಗುತ್ತವೆ, ಈಗ ಹೋಗಿ ಎರಡು ಹಿಡಿದುಕೊಂಡು ಬಂದರಾಯಿತು ಎಂದುಕೊಂಡು ಒಳಗೆ ಬಂದ. ಹಾಲಿನ ನಡುವೆ ಹಾಸಿದ ಹಳೇ ಪೇಪರಿನ ಮೇಲೆ ಆಗಲೇ ಅರೆಬರೆ ಆದ ಜೋಡೆತ್ತು, ಪಕ್ಕದಲ್ಲಿ ಮಣ್ಣಿನ ದೊಡ್ಡ ಮುದ್ದೆ ಇತ್ತು. ಕಪ್ಪಗೆ, ನುಣ್ಣಗೆ, ಹಸಿಯಾಗಿ ಮಿನುಗುತ್ತಿತ್ತು.

"ಇದನ್ನ ಎಲ್ಲಿಂದ ತಂದ್ಯವ್ವಾ?"

"ನೀ ತರತಿ ಅಂತ ಕುಂತಿದ್ರ ಅಮವಾಸಿ ಹೋಗಿ ಹುಣ್ಣಿವಿ ಬರತಿತ್ತು. ನಿನ್ನಿ ನಾನ ಆಟೋ ಮಾಡ್ಕೊಂಡ ಹೋಗಿದ್ನಿ. ಹೇರೋಹಳ್ಳಿ ಆಚಿ ಸಿದ್ದನಕೆರಿ ಐತೆಲ್ಲ, ಅದರ ದಂಡ್ಯಾಗ ಸಿಕ್ತು ನೋಡು. ಈ ಊರಾಗ ಎಲ್ಲಿ ಕೆದರಿದ್ರೂ ಕೆಮ್ಮಣ್ಣ. ಕೆಮ್ಮಣ್ಣಿಲೆ ಮಾಡಿದ್ರ ಅದು ಎತ್ತ ಆಕ್ಕೈತೇನು? ಇದು ಥೇಟ್ ನಮ್ಮೂರ ಎರಿ ಮಣ್ಣ. ಬೆಣ್ಣಿ ಇದ್ದಂಗ ಐತಿ, ಮುಟ್ಟಿ ನೋಡು."

ಅವನು ಮುಟ್ಟಲಿಲ್ಲ. ಅವ್ವನ ಪಕ್ಕದಲ್ಲಿ ಗೋಡೆಗೊರಗಿ ಕಾಲು ಚಾಚಿ ಕೂತ ರಕ್ಷಾ ಗ್ವಾದಲಿಯ ಅಂಚು ತೀಡುತ್ತಿದ್ದಳು. ಆರು ತಿಂಗಳ ಹೊಟ್ಟೆಯ ಮೇಲೆ ನೈಟಿಗೆ ಅಲ್ಲಲ್ಲಿ ಮಣ್ಣಿನ ಬೆರಳಚ್ಚು. ಅವನಿಗೆ ಮಾಲವಿಕಾ ನೆನಪಾದಳು. ಹೋದ ವರ್ಷ ಶಾಪಿಗೆ ಬಂದಿದ್ದ ಹುಡುಗಿ, ಕೆರೆಯ ಮೇಲೆ ಸಂಶೋಧನೆ ಮಾಡುವವಳು. ಓಣಿಯ ಎಲ್ಲರ ಹತ್ತಿರವೂ ಬೈಸಿಕೊಂಡು ಕೊನೆಗೆ ಇವನ ಬಾಗಿಲಿಗೆ ಬಂದಿದ್ದಳು. ಇವನು ಬೈಯಲಿಲ್ಲ, ಕುರ್ಚಿ ಕೊಟ್ಟು ಕಾಫಿ ತರಿಸಿದ, ನಮ್ಮದೆಲ್ಲ ಟ್ಯಾಂಕರಿಗೇ ಹೋಗುತ್ತೆ ಎಂದು ಅವಳ ಮುಖ ನೋಡಿಯೇ ಹೇಳಿದ. ಅವಳು ನಂಬಿದಳು. ನಂಬಿದವರು ಮಾತಾಡುತ್ತಾರೆ. "ನೀರು ಟೆಸ್ಟ್ ಮಾಡಿದ್ರೆ ಅಷ್ಟೇನೂ ಸಿಗಲ್ಲ ಸಾರ್. ಕ್ರೋಮಿಯಂ, ನಿಕಲ್, ಸೀಸ ಎಲ್ಲ ತಳಕ್ಕೆ ಹೋಗಿ ಮಣ್ಣಲ್ಲಿ ಕೂತಿರುತ್ತೆ. ಕೊಳೆಯಲ್ಲ, ಸುಟ್ಟರೂ ಹೋಗಲ್ಲ, ಲೋಹ ಅಲ್ವಾ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ ತುಂಬಾ ಕೆಟ್ಟದು ಸಾರ್," ಎಂದಿದ್ದಳು. ಇವನು ಛೆ ಛೆ ಎಂದಿದ್ದ. ಈಗ ಅವನ ಕಣ್ಣೆದುರೇ ರಕ್ಷಾ ಗ್ವಾದಲಿಯಿಂದ ಕೈ ತೆಗೆದು, ತೋರುಬೆರಳನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಅರೆಮುಚ್ಚಿ ಮೂಸಿದಳು. ಆಮೇಲೆ ಬೆರಳನ್ನು ಬಾಯಿಗಿಟ್ಟುಕೊಂಡಳು.

"ಏಯ್, ಏನ್ ಮಾಡ್ತಾ ಇದೀಯ?"

ಅವಳು ಬೆಚ್ಚಿ ಅತ್ತೆಯ ಮುಖ ನೋಡಿದಳು. ಇಬ್ಬರೂ ಒಟ್ಟಿಗೇ ನಕ್ಕರು. ಹೀಗೆ ಇವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ಕಲ್ಮೇಶ ಹಿಂದೆ ಕಂಡಿರಲಿಲ್ಲ. ಬಸವೇಶ್ವರನಗರದಲ್ಲಿ ಹುಟ್ಟಿ ಬೆಳೆದ ಸೊಸೆಗೆ ರೊಟ್ಟಿ ತಟ್ಟಲು ಬರುವುದಿಲ್ಲ, ಮಾತು ಕೂಡ ತೆಳ್ಳಗೆ ಎಂದು ಅವ್ವ ಮುಖ ಗಂಟು ಹಾಕಿಕೊಂಡಿರುತ್ತಿದ್ದಳು. ಎರಡು ಸಲ ಬಸಿರು ನಿಲ್ಲದೆ ಹೋದಾಗಲಂತೂ ಬಾಯಿಬಿಟ್ಟು ಏನೂ ಅನ್ನದಿದ್ದರೂ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜೋರಾಗಿತ್ತು. ಈಗ ಮಣ್ಣು ಇವರನ್ನು ಕೂಡಿಸಿತ್ತು.

"ಬಸುರಿ ಬಯಕಿ ಅದು. ಗೋಡಿಗೆ ನೀರ ಹೊಡದ್ರ ಮೂಸಕೋತ ನಿಂದ್ರತಾಳ, ಪಾಪ, ಹೇಳಾಕ ನಾಚಿಕಿ ಆಕಿಗೆ. ನಿನ್ನ ಹೊಟ್ಟ್ಯಾಗ ಇಟ್ಕೊಂಡಾಗ ನಾ ಎಷ್ಟ ತಿಂದೇನಿ ಏನ್ ಕತಿ. ಅದಕ್ಕ ನೀ ಹಿಂಗ ಗಟ್ಟಿ ಆಗೀದಿ," ಎಂದಳು ಅವ್ವ. ಜೋಡೆತ್ತಿನ ಪಕ್ಕದಲ್ಲಿ ಬೇರೆಯಾಗಿ ಮಾಡಿಟ್ಟಿದ್ದ ಬೆರಳುದ್ದದ ಒಂದು ಕರುವನ್ನು ಎತ್ತಿ ತೋರಿಸಿದಳು. "ಎತ್ತ ದೇವರು, ಅವನ್ನ ಮುಟ್ಟಂಗಿಲ್ಲ. ಈ ಕರು ಅಕೀದು. ಹಂಚಿನ ಮ್ಯಾಲ ಚೊಲೋತ್ನಂಗ ಸುಟ್ಟ ಕೊಡ್ತೇನಿ."

"ಬ್ಯಾಡವ್ವಾ. ಹೊಲಸ ಅದು. ಆ ಕೆರಿಗೆ ಮೋರಿ ನೀರ ಬರತೈತಿ."

"ಯಾವ ಕೆರಿಗೆ ಬರಂಗಿಲ್ಲ ಹೇಳು? ಸುಟ್ಟ ಮ್ಯಾಲ ಎಲ್ಲಾ ಸುದ್ದ."

ಸುಟ್ಟರೂ ಹೋಗಲ್ಲ ಸಾರ್ ಎಂದಿದ್ದಳು ಮಾಲವಿಕಾ. ಹೇಳಿಬಿಡಬೇಕು ಎಂದು ಕಲ್ಮೇಶ ಅಲ್ಲೇ ಸೋಫಾದ ಕೈ ಹಿಡಿದು ನಿಂತ. ಒಂದೇ ಮಾತು. ಅದರಲ್ಲಿ ನಮ್ಮ ಶಾಪಿನ ವಿಷ ಇದೆ. ಹೇಳಿದರೆ ಏನಾಗುತ್ತದೆ? ಸರ್ಕಾರಿ ಅಧಿಕಾರಿಯಾಗಿ ನಿವೃತ್ತರಾದ ಮಾವ ಮದುವೆಯ ದಿನದಿಂದ ಇವತ್ತಿನವರೆಗೂ ಅವನ ಶಾಪನ್ನು ನಿಮ್ಮ ಆ ಪಾಲಿಶ್ ಅಂಗಡಿ ಎಂದೇ ಕರೆಯುತ್ತಾರೆ, ಅವರಿಗೆ ಹಬ್ಬವಾಗುತ್ತದೆ. ಆದರೆ ಅವನಿಗೆ ನಿಜವಾದ ಹೆದರಿಕೆ ಮಾವನದಲ್ಲ. ರಕ್ಷಾ ಅಳುವವಳಲ್ಲ, ಯೋಚಿಸುವವಳು. ಈ ಒಂದು ಮಾತು ಕಿವಿಗೆ ಬಿದ್ದರೆ ಸುಮ್ಮನೆ ಕೂತು ಹಿಂದಕ್ಕೆ ಹೋಗುತ್ತಾಳೆ. ಹಳದಿ ಕಲೆಯ ಅವನ ಶರ್ಟುಗಳನ್ನು ಇಷ್ಟು ವರ್ಷ ಬಕೆಟ್ಟಿನಲ್ಲಿ ನೆನೆಸಿ ಉಜ್ಜಿದ ತನ್ನ ಕೈ ನೋಡಿಕೊಳ್ಳುತ್ತಾಳೆ. ಶಾಪಿನಿಂದ ಬಂದು ಕಾಲು ಕೂಡ ತೊಳೆಯದೆ ಅವನು ಮಲಗುತ್ತಿದ್ದ ಹಾಸಿಗೆ ನೋಡುತ್ತಾಳೆ. ಮೊದಲನೆಯದು, ಎರಡನೆಯದು ಎಂದು ಹೆಸರಿಲ್ಲದೆ ಹೋದ ಅವೆರಡನ್ನೂ ಎಬ್ಬಿಸಿಕೊಂಡು ಬಂದು ಅವನ ಮುಂದೆ ಕೂರಿಸುತ್ತಾಳೆ. ಅವು ಹೋದದ್ದು ಶಾಪಿನ ವಿಷದಿಂದ ಹೌದೋ ಅಲ್ಲವೋ ಯಾವ ಡಾಕ್ಟರೂ ಹೇಳಿರಲಿಲ್ಲ, ಯಾಕೆಂದರೆ ಯಾವ ಡಾಕ್ಟರೂ ಅವನ ಕಸುಬು ಕೇಳಿರಲಿಲ್ಲ. ಕೇಳಿದ ಒಬ್ಬರ ಹತ್ತಿರ ಬಿಸಿನೆಸ್ ಎಂದು ಹೇಳಿ ಮುಗಿಸಿದ್ದ. ಅಡುಗೆಮನೆಯಲ್ಲಿ ಅವ್ವ ಹಂಚು ಕಾಯಲು ಇಟ್ಟಳು. ಸ್ವಲ್ಪ ಹೊತ್ತಿಗೆ ಹಸಿ ಮಣ್ಣು ಬಿಸಿಯಾಗುವ ವಾಸನೆ, ಮೊದಲ ಮಳೆಯ ವಾಸನೆ, ಮನೆಯಲ್ಲೆಲ್ಲ ಹರಡಿತು. ನಿಜ ಹೇಳಬೇಕೆಂದರೆ ಅವನ ಬಾಯಲ್ಲೂ ನೀರೂರಿತು.

ಪೂಜೆಯ ಹೊತ್ತಿಗೆ ಪಕ್ಕದ ಮನೆಯ ಅನಂತಲಕ್ಷ್ಮಿ ಬಂದರು. ಹೈಸ್ಕೂಲಿನಲ್ಲಿ ಟೀಚರಾಗಿ ನಿವೃತ್ತರಾದವರು, ಲೇಔಟಿನ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಒಳ್ಳೆಯ ಮಾತು ಹಾಕುವವರು. ದೇವರ ಮನೆಯ ಮಣೆಯ ಮೇಲೆ ಜೋಳದ ಕಾಳಿನ ಕಣ್ಣು, ಕುಸುಬೆ ಕಾಳಿನ ಕೊರಳಸರ ಇಟ್ಟುಕೊಂಡು ನಿಂತ ಜೋಡೆತ್ತು ನೋಡಿ ಅವರಿಗೆ ಕಣ್ಣು ತುಂಬಿ ಬಂತು. "ಎಷ್ಟು ಮುದ್ದಾಗಿದೆ ರೀ! ಪೇಂಟ್ ಇಲ್ಲ, ಕೆಮಿಕಲ್ ಇಲ್ಲ, ಬರೀ ಕೆರೆ ಮಣ್ಣು. ಕಲ್ಮೇಶ್, ನಮ್ಮ ಹಿರಿಯರು ಪರಿಸರನ ಎಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು ಅಲ್ವಾ?" ಎಂದು ಫೋಟೋ ತೆಗೆದರು. ಕಲ್ಮೇಶ ಹೌದು ಆಂಟಿ ಎಂದ. ಬಾಗಿಲ ಪಕ್ಕ ನಿಂತ ರಕ್ಷಾಳ ಕೆನ್ನೆ ನಿಧಾನವಾಗಿ ಆಡುತ್ತಿತ್ತು. ಸೆರಗಿನ ಮರೆಯಲ್ಲಿ ಅವಳ ಮುಷ್ಟಿ. ಮುಷ್ಟಿಯಿಂದ ಬಾಲ ಮುರಿದ ಸುಟ್ಟ ಕರು ಇಣುಕುತ್ತಿತ್ತು. ಅವಳು ಯಾರಿಗೂ ತೊಂದರೆ ಕೊಡದೆ ತನ್ನ ಪಾಡಿಗೆ ಸುಖವಾಗಿದ್ದಳು, ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಬಾಯಿ ತೆಗಿ," ಎಂದ.

ಅವಳ ಕೆನ್ನೆ ನಿಂತಿತು.

"ಬಾಯಿ ತೆಗಿ ಅಂದೆ. ಆಂಟಿಗೆ ತೋರ್ಸು. ನೋಡಿ ಆಂಟಿ, ಎಂಎಸ್ಸಿ ಓದಿದಾಳೆ ಇವಳು. ರಸ್ತೆ ಬದಿ ಮಕ್ಕಳ ಥರ ಕದ್ದು ಮಣ್ಣು ತಿಂತಾಳೆ."

"ಅಯ್ಯೋ ಬಿಡಿ ಕಲ್ಮೇಶ್, ಬಸುರೀಲಿ ಅದೆಲ್ಲ..." ಎಂದರು ಅನಂತಲಕ್ಷ್ಮಿ. ಅವರ ಕಣ್ಣು ಮಾತ್ರ ರಕ್ಷಾಳ ತುಟಿಯ ಅಂಚಿನ ಕಪ್ಪಿನ ಮೇಲೆಯೇ ಇತ್ತು.

ಇಲ್ಲಿಗೆ ಸಾಕು ಎಂದು ಅವನ ಒಳಗಿನವನು ಹೇಳಿದ. ಅವಳಿಗೆ ನಾಚಿಕೆಯಾಗಿದೆ, ಇನ್ನು ಮುಟ್ಟುವುದಿಲ್ಲ, ಹೇಗೂ ಕೆಲಸ ಆಯಿತು. ಆದರೆ ಬಾಯಿ ಆಗಲೇ ಮುಂದಿನ ಮಾತಿಗೆ ತೆರೆದುಕೊಂಡಿತ್ತು. "ಎರಡು ಕಳ್ಕೊಂಡಿದ್ದು ಸಾಲ್ದಾ ನಿಂಗೆ? ಇಂಥದೆಲ್ಲ ತಿಂದ್ರೆ ಹೊಟ್ಟೇಲಿ ಏನು ನಿಲ್ಲುತ್ತೆ? ಆಗ್ಲೂ ಏನೇನು ತಿಂದಿದ್ಯೋ ಯಾರಿಗೆ ಗೊತ್ತು."

ಹೇಳಿದ ಮೇಲೆ ಅವನಿಗೆ ಪಶ್ಚಾತ್ತಾಪವಾಗಲಿಲ್ಲ, ಹಗುರವಾಯಿತು. ವರ್ಷಗಳಿಂದ ಯಾರ ಹೆಸರೂ ಇಲ್ಲದೆ ಮನೆಯಲ್ಲಿ ಬಿದ್ದಿದ್ದ ತಪ್ಪಿಗೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು, ಅದು ತನ್ನದಾಗಿರಲಿಲ್ಲ. ಈ ಹಗುರ ಎಂಥ ನೀಚತನ ಎಂಬುದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದು ಹಿತವಾಗಿತ್ತು. ರಕ್ಷಾ ಬಾಯಲ್ಲಿದ್ದದ್ದನ್ನು ಅಂಗೈಗೆ ಉಗಿದುಕೊಂಡು, ಆ ಕೈಯನ್ನು ಎಲ್ಲರಿಗೂ ಕಾಣುವಂತೆ ಚಾಚಿಕೊಂಡೇ ಬಚ್ಚಲಿಗೆ ಹೋದಳು. ಅನಂತಲಕ್ಷ್ಮಿ ಬರ್ತೀನಮ್ಮಾ ಎಂದು ಯಾರಿಗೋ ಹೇಳಿ, ಕುಂಕುಮ ಕೂಡ ತೆಗೆದುಕೊಳ್ಳದೆ ಚಪ್ಪಲಿ ಮೆಟ್ಟಿದರು. ಅವ್ವ ಆರತಿ ತಟ್ಟೆಯನ್ನು ಕೆಳಗಿಟ್ಟಳು.

"ನಿಮ್ಮಪ್ಪ ಹೊಡದಾನ, ಬೈದಾನ, ಕುಡದೂ ಬಂದಾನ. ಮಂದಿ ಮುಂದ ಹಿಂಗ ಒಂದ ದಿನಾ ಮಾತಾಡಿಲ್ಲ," ಎಂದಳು. "ಮಣ್ಣಾಗ ಏನ್ ತಪ್ಪೈತೋ? ನಾ ಕೊಟ್ಟೇನಿ, ನನ್ನ ಬೈ."

ಮಧ್ಯಾಹ್ನ ಅವನೊಬ್ಬನೇ ಊಟಕ್ಕೆ ಕೂತ. ಅವ್ವ ಹೋಳಿಗೆ ಬಡಿಸಿದಳು, ತುಪ್ಪ ಹಾಕಿದಳು. ಹೋಳಿಗೆ ಚೆನ್ನಾಗಿತ್ತು, ಇನ್ನೊಂದು ಹಾಕಿಸಿಕೊಂಡ. ಹಾಗೆ ಹಸಿವಾಗಿದ್ದಕ್ಕೆ ಅವನಿಗೇ ನಾಚಿಕೆಯಾಯಿತು, ಆದರೂ ತಟ್ಟೆ ಖಾಲಿಯಾಯಿತು. ಕಿಟಕಿಯಾಚೆ ಬೆಳಕು ಕಂದುತ್ತಿತ್ತು. ಮಾಗಡಿ ರಸ್ತೆಯ ಮೇಲೆ ಮೋಡ ಕೆಳಗಿಳಿದಿತ್ತು. ಇವತ್ತು ತೊಟ್ಟಿ ಖಾಲಿಯಾದರೆ ನಾಳೆ ನಲ್ಲಿಗಳ ಹೊಸ ಮಾಲು ಹಾಕಬಹುದು ಎಂದು ಮನಸ್ಸು ತನ್ನಷ್ಟಕ್ಕೆ ಯೋಚಿಸಿತು. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಕೈ ತೊಳೆಯುವಾಗ ಅವನಿಗೆ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲು ಆಗಲಿಲ್ಲ.

ಕೋಣೆಗೆ ಹೋದಾಗ ರಕ್ಷಾ ಮಂಚದ ಅಂಚಿನಲ್ಲಿ ಕೂತಿದ್ದಳು. ಬಾಲವಿಲ್ಲದ ಕರು ಅವಳ ಮಡಿಲಲ್ಲಿತ್ತು. ಅತ್ತಂತೆ ಕಾಣಲಿಲ್ಲ. ಅವನು ಏನೋ ಹುಡುಕುವವನ ಹಾಗೆ ಅಲಮಾರಿನ ಬಾಗಿಲು ತೆಗೆದ.

"ರೀ, ಇಲ್ಲಿ ಬನ್ನಿ. ಒಂದು ಮಾತು ಕೇಳ್ಬೇಕು."

ಅವನು ಹೋಗಿ ಪಕ್ಕದಲ್ಲಿ ಕೂತ.

"ನೀವು ಕೋಪಿಷ್ಠರು, ಅದು ಗೊತ್ತು. ಆದ್ರೆ ಇವತ್ತು ಹಾಗೆ ಮಾತಾಡಿದ್ದು ಕೋಪಕ್ಕಲ್ಲ. ನಿಮಗೆ ಭಯ ಆಗಿತ್ತು. ನಾನು ನಿಮ್ಮ ಮುಖ ನೋಡ್ತಾ ಇದ್ದೆ." ಅವಳು ಕರುವಿನ ಬೆನ್ನು ಸವರಿದಳು. "ಆ ಕೆರೆ ಮಣ್ಣಲ್ಲಿ ಏನಾದ್ರೂ ಇದ್ಯಾ? ಇದ್ರೆ ಇದೆ ಅನ್ನಿ, ಅಷ್ಟು ಸಾಕು. ಏನು, ಯಾಕೆ, ನಿಮಗೆ ಹೇಗೆ ಗೊತ್ತು, ಏನೂ ಕೇಳಲ್ಲ. ಇವತ್ತಿಂದಾನೇ ಬಿಟ್ಬಿಡ್ತೀನಿ. ಅತ್ತೆಗೂ ನಾನೇ ಏನಾದ್ರೂ ಹೇಳ್ತೀನಿ."

ಎಷ್ಟು ಸುಲಭ ಮಾಡಿ ಕೊಟ್ಟಿದ್ದಳು. ಎರಡೇ ಅಕ್ಷರ. ಅವು ನಾಲಿಗೆಯ ತುದಿಗೂ ಬಂದವು. ಕೇಳಲ್ಲ ಅನ್ನುತ್ತಾಳೆ, ಕೇಳುವುದೂ ಇಲ್ಲ. ಆದರೆ ಒಂದು ದಿನ ಬಟ್ಟೆ ಮಡಿಸುತ್ತಾ ಇರುವಾಗ ತಟ್ಟನೆ ಕೈ ನಿಲ್ಲಿಸಿ ಅವನನ್ನು ನೋಡುತ್ತಾಳೆ. ಆ ನೋಟದ ಕೆಳಗೆ ಬದುಕಬೇಕಾಗುತ್ತದೆ, ಅವಳಿಗೆ ಮುಪ್ಪು ಬರುವವರೆಗೆ. ಹುಟ್ಟುವ ಮಗುವಿಗೆ ಏನೂ ಆಗದೆಯೂ ಇರಬಹುದು. ಅವ್ವನೂ ತಿಂದಿದ್ದಳಲ್ಲ. ಇಂಥ ಒಂದು ಕರುವಿನಲ್ಲಿ ಎಷ್ಟು ಇದ್ದೀತು? ಆ ನೋಟವಾದರೋ ಖಂಡಿತ ಬರುತ್ತದೆ. ಅವನು ಎರಡನ್ನೂ ಒಂದು ಕ್ಷಣ ತೂಗಿದ. ತಾನು ತೂಗಿದೆನೆಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಏನೂ ಇಲ್ಲ ಕಣೇ," ಎಂದ. "ಬರೀ ಮಣ್ಣು. ಗಲೀಜು ಅಂತ ಅಂದೆ, ಬಾಯಿಗೆ ಬಂದಿದ್ದು ಆಡ್ಬಿಟ್ಟೆ. ತಪ್ಪಾಯ್ತು."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ನೀವೂ ತಿನ್ನಿ."

ಅವಳು ಕರುವಿನ ಒಂದು ಹಿಂಗಾಲನ್ನು ಲಟಕ್ಕನೆ ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು. ಸವಾಲು ಹಾಕಿದಂತಿರಲಿಲ್ಲ, ತುತ್ತು ಕೊಟ್ಟಂತಿತ್ತು. ಅವನು ಬಾಯಿ ತೆರೆದ. ಮಣ್ಣು ಮೊದಲು ಗರಿಗರಿಯಾಗಿ ಮುರಿದು, ಆಮೇಲೆ ನುಣ್ಣಗೆ ಕರಗಿ ಅಂಗುಳಿಗೆ ಅಂಟಿಕೊಂಡಿತು. ಹಿತವಾಗಿತ್ತು. ಆ ಹಿತದ ತಳದಲ್ಲಿ, ಶಾಪಿನಲ್ಲಿ ಸಂಜೆಯ ಹೊತ್ತಿಗೆ ನಾಲಿಗೆಯ ಮೇಲೆ ಕೂತಿರುತ್ತಿದ್ದ ಅದೇ ಕಂಚಿನಂಥ ರುಚಿ ಸಿಕ್ಕಿತೋ, ಇಲ್ಲ ಅವನ ಭ್ರಮೆಯೋ. ಆಗ ಹೊರಗೆ ತಗಡಿನ ಶೀಟಿನ ಮೇಲೆ ದಪ್ಪ ಹನಿಗಳು ಬಿದ್ದವು. ಮರುಕ್ಷಣ ಮಳೆ ಧೋ ಎಂದು ಸುರಿಯಿತು. ಮಂಚದ ಮೇಲಿದ್ದ ಅವನ ಫೋನು ಹೊಡೆದುಕೊಂಡಿತು. ಅವನ ಬಾಯಿ ತುಂಬಿದ್ದು ನೋಡಿ ರಕ್ಷಾಳೇ ಒತ್ತಿ, ಸ್ಪೀಕರಿಗೆ ಹಾಕಿ, ಅವನ ಮುಖದ ಮುಂದೆ ಹಿಡಿದಳು.

"ಮಾಲಕ್ರ, ಭಾರಿ ಮಳಿ ಬಂತ್ರಿ. ಬಿಡ್ಲೇನ್ರಿ?"

ಬೇಡ ಎನ್ನಲು ಬಾಯಿ ತೆರೆಯಬೇಕಿತ್ತು.

"ಹ್ಞೂಂ," ಎಂದ.

"ಏನು ಬಿಡೋದು?" ಎಂದು ಕೇಳಿದಳು ರಕ್ಷಾ, ಫೋನು ಕೆಳಗಿಡುತ್ತಾ.

ಅವನು ನುಂಗಿದ. "ನೀರು. ಶಾಪಲ್ಲಿ ನೀರು ತುಂಬ್ಕೊಂಡಿದೆ."

ಅವಳು ಅವನ ತುಟಿಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದಳು. ಪೂಜೆಯ ಹೊತ್ತಿನಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾಯಿತು. ಅವಳು ಅವನನ್ನು ನಂಬಿದ್ದಳು. ಕ್ಷಮಿಸಿಯೂ ಇದ್ದಳು, ಅದು ಅವನಿಗೆ ಕಾಣುತ್ತಿತ್ತು. "ಸರಿ, ಮಳೆ ಬಂತಲ್ಲ ನಿಮ್ಮದು. ಹೋಗಿ ನಿಂತ್ಕೊಳ್ಳಿ ಬಾಲ್ಕನೀಲಿ, ಇಲ್ಲಾಂದ್ರೆ ನಿಮಗೆ ಸಮಾಧಾನ ಇರಲ್ಲ," ಎಂದು ನಕ್ಕು, ಕರುವಿನ ತಲೆಯನ್ನು ಮುರಿದು ಬಾಯಿಗಿಟ್ಟುಕೊಂಡಳು.

ಕಲ್ಮೇಶ ಎದ್ದು ಬಾಲ್ಕನಿಗೆ ಹೋಗಿ ನಿಂತ. ಮಾಗಡಿ ರಸ್ತೆಯ ಕಡೆ ಏನೂ ಕಾಣುತ್ತಿರಲಿಲ್ಲ. ಒಳಗೆ ಅವಳು ಕಡಿಯುವ ಸದ್ದು ಕೇಳಿಸದಷ್ಟು ಜೋರಾಗಿ ಮಳೆ ಬರುತ್ತಿತ್ತು, ಸದ್ಯ ಅದೊಂದು ಒಳ್ಳೆಯದಾಯಿತು ಎಂದುಕೊಂಡ.